ಕುಂದ್ರಾಂವ ಎಲ್ಲಿ ಅದಾನ? ಗೇಣುದ್ದದ ಕಾರಿನ ಒಂದು ವಿಮರ್ಶೆ

ಈ ವಾರ ನಾನು ಬರೆಯುತ್ತಿರುವುದು ಪುಸ್ತಕದ ಬಗ್ಗೆ ಅಲ್ಲ, ಒಂದು ಕಾರಿನ ಬಗ್ಗೆ. ಅದು ಓಡುವುದಿಲ್ಲ. ಉದ್ದ ಸರಿಯಾಗಿ ಒಂದು ಗೇಣು. ತಾರಿಹಾಳದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ, ಹಳೆಯ ಹೊಲಿಗೆ ಮಷೀನಿನ ಮೇಜಿನ ಮೇಲೆ, ನನ್ನ ಕಾಕಾನ ಮಗ ಅದನ್ನು ಆರು ತಿಂಗಳು ಕೂತು ಮಾಡಿದ. ಅವನಿಗೆ ಇಲ್ಲಿಯ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ತಗಡು ಕತ್ತರಿಸುವ, ಬಗ್ಗಿಸುವ ಕೆಲಸ. ಶಿಫ್ಟ್ ಮುಗಿಸಿ ಬಂದು ಊಟ ಮಾಡಿ, ಮತ್ತೆ ತಗಡು ಹಿಡಿದು ಕೂರುತ್ತಿದ್ದ. ‘ದಿನಾ ಅದನ್ನ ಮಾಡಿ ಬ್ಯಾಸರ ಬರೂದಿಲ್ಲೇನೋ ಅಣ್ಣಾ?’ ಎಂದು ಕೇಳಿದ್ದೆ. ‘ಅಲ್ಲಿ ಮಾಡೂದು ಅವರದು, ಇದು ನಂದು’ ಎಂದಿದ್ದ.

ಅವನು ಮಾಡಿದ್ದು ಅಮೆರಿಕದ ಡ್ರ್ಯಾಗ್ ರೇಸಿನ ಒಂದು ಹಳೆಯ ಕಾರಿನ ಮಾದರಿ. ಡ್ರ್ಯಾಗ್ ರೇಸ್ ಎಂದರೆ ತಿರುವಿಲ್ಲದ ಓಟ. ಎರಡು ಕಾರು, ನೆಟ್ಟಗಿನ ದಾರಿ, ಕಾಲು ಮೈಲಿ, ಎಂದರೆ ಸುಮಾರು 402 ಮೀಟರ್. ನಿಂತಲ್ಲಿಂದ ಹೊರಟು ಮೊದಲು ಮುಟ್ಟಿದವನು ಗೆದ್ದ. 1951ರಲ್ಲಿ ಅಲ್ಲಿ ಇದಕ್ಕೊಂದು ರಾಷ್ಟ್ರೀಯ ಸಂಘಟನೆ ಹುಟ್ಟಿತು. 1960ರ ದಶಕದ ಇಂಥ ಕಾರುಗಳಿಗೆ ‘ಸ್ಲಿಂಗ್‌ಶಾಟ್’ ಎಂದು ಹೆಸರು. ಎಂಜಿನ್ ಮುಂದೆ, ಅದರ ಬೆನ್ನಿಗೆ ಹಿಂದಿನ ಗಾಲಿಗಳು, ಅವುಗಳಿಗೂ ಹಿಂದೆ, ಕವಣೆಯಲ್ಲಿಟ್ಟ ಕಲ್ಲಿನ ಹಾಗೆ, ಓಡಿಸುವವನು.

ಇಂಥ ಕಾರುಗಳ ಪ್ಲಾಸ್ಟಿಕ್ ಕಿಟ್‌ಗಳು 25ಕ್ಕೆ 1ರ ಅಳತೆಯಲ್ಲಿ ಸಿಗುತ್ತವೆ. ಹೆಚ್ಚಿನವರು ಅಂಟಿಸಿ, ಬೆಳ್ಳಿ ಬಣ್ಣ ಬಳಿದು ಮುಗಿಸುತ್ತಾರೆ. ಆದರೆ ಈ ಹವ್ಯಾಸದಲ್ಲಿ ಇನ್ನೊಂದು ಜಾತಿಯವರಿದ್ದಾರೆ. ಅವರು ಕಿಟ್ಟಿನ ಒಳಭಾಗವನ್ನು ಕಿತ್ತೆಸೆದು ಸೀಟು, ನೆಲ, ಬೆಂಕಿಗೋಡೆ, ಪೆಡಲು, ಗೇಜುಗಳ ಫಲಕ ಎಲ್ಲವನ್ನೂ ನಿಜವಾದ ಲೋಹದಲ್ಲಿ ಸೊನ್ನೆಯಿಂದ ಮಾಡುತ್ತಾರೆ. ಅಣ್ಣ ಈ ಜಾತಿಯವನು. ಕಾರು ಮುಗಿದ ಮೇಲೆ ಒಳಭಾಗ ಅರ್ಧಕ್ಕರ್ಧ ಕಾಣುವುದೇ ಇಲ್ಲ. ಕಾಣದ ಜಾಗಕ್ಕೆ ಇಷ್ಟು ಶ್ರಮ ಯಾಕೆ ಎನ್ನುವುದು ಸಾಹಿತ್ಯದ ವಿದ್ಯಾರ್ಥಿಗೆ ಅಪರಿಚಿತ ಪ್ರಶ್ನೆಯಲ್ಲ. ಕಾದಂಬರಿಯಲ್ಲಿ ವಿವರ ಎಷ್ಟಿರಬೇಕು, ಯಾಕಿರಬೇಕು ಎಂದು ನಾವು ಕೇಳುವುದೂ ಇದನ್ನೇ.

ಮೊದಲು ಲೋಹದ ಮಾತು. ನಿಜವಾದ ಕಾರಿನ ಒಳಗಿನ ಅಲ್ಯೂಮಿನಿಯಂ ತಗಡು ಹೆಚ್ಚುಕಡಿಮೆ 1 ಮಿ.ಮೀ. ದಪ್ಪ ಎಂದಿಟ್ಟುಕೊಳ್ಳಿ. ಅದನ್ನು 25ರಿಂದ ಭಾಗಿಸಿದರೆ 0.04 ಮಿ.ಮೀ. ತಂಪು ಪಾನೀಯದ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ಇರುತ್ತದೆ. ಅದನ್ನು ಬಳಸಿದರೆ ಮಾದರಿಯ ಲೆಕ್ಕದಲ್ಲಿ ಎರಡೂವರೆ ಮಿ.ಮೀ. ಆಯಿತು, ಲಾರಿಗೆ ಹಾಕುವಷ್ಟು ದಪ್ಪ. ರೊಟ್ಟಿ ಸುತ್ತುವ ಫಾಯಿಲ್ ತೆಗೆದುಕೊಂಡರೆ ಅದು ಬೇಕಾದದ್ದಕ್ಕಿಂತ ತೆಳು, ಉಸಿರು ತಾಗಿದರೂ ಮುದುಡುತ್ತದೆ. ಹಾಗಾಗಿ ಅಣ್ಣ ಡಬ್ಬಿಯ ತಗಡನ್ನೇ ಬಳಸಿ, ಕಣ್ಣಿಗೆ ಬೀಳುವ ಅಂಚುಗಳನ್ನು ಮಾತ್ರ ಸಣ್ಣ ಕಾನಸಿನಿಂದ ಉಜ್ಜಿ ತೆಳು ಮಾಡಿದ. ಒಳಗೆಲ್ಲ ದಪ್ಪ, ಅಂಚಿನಲ್ಲಿ ಸತ್ಯ.

ರಿವೆಟ್‌ಗಳ ಕತೆಯೂ ಇಷ್ಟೇ. ನಿಜದಲ್ಲಿ 6 ಮಿ.ಮೀ. ತಲೆಯ ರಿವೆಟ್ ಇಲ್ಲಿ ಕಾಲು ಮಿ.ಮೀ.ಗೂ ಕಡಿಮೆ. ಅದನ್ನು ಮಾಡಲಾಗದು. ತಗಡಿನ ಹಿಂಬದಿಯಿಂದ ಸೂಜಿಯಿಂದ ಒತ್ತಿದರೆ ಮುಂದೆ ಗುಳ್ಳೆ ಏಳುತ್ತದೆ, ಸಾಲಾಗಿ ಒತ್ತಿದರೆ ರಿವೆಟ್ ಸಾಲು. ಅದು ಏನನ್ನೂ ಹಿಡಿದಿಲ್ಲ. ಹಿಡಿದಿರುವುದು ಹಿಂದಿರುವ ಅಂಟು.

ಕ್ಲೋಡ್ ಲೆವಿ-ಸ್ತ್ರಾಸ್ 1962ರ ತನ್ನ ಪುಸ್ತಕ ‘ಲ ಪಾನ್ಸೆ ಸೊವಾಜ್’ನಲ್ಲಿ ಕಿರುಮಾದರಿಗಳ ಬಗ್ಗೆ ಒಂದು ಮಾತು ಹೇಳುತ್ತಾನೆ. ದೊಡ್ಡ ವಸ್ತುವನ್ನು ನಾವು ಭಾಗಭಾಗವಾಗಿ ತಿಳಿಯುತ್ತೇವೆ, ಕಿರುಮಾದರಿಯಲ್ಲಿ ಮೊದಲು ಇಡಿಯನ್ನು ತಿಳಿದು ಆಮೇಲೆ ಭಾಗಗಳಿಗೆ ಹೋಗುತ್ತೇವೆ ಎಂಬುದು ಅದರ ಸಾರ. ನೋಡುವವನ ಮಟ್ಟಿಗೆ ಇದು ನಿಜ. ಮಾಡುವವನಿಗೆ ಅಲ್ಲ. ಅಣ್ಣನಿಗೆ ಆರು ತಿಂಗಳಲ್ಲಿ ಒಂದು ದಿನವೂ ಇಡೀ ಕಾರು ಕಂಡಿರಲಿಲ್ಲ. ಸೀಟಿನ ಬೆನ್ನಿನ ಒಂದು ಬಾಗು ಒಡೆಯುತ್ತಿತ್ತು, ಅಷ್ಟೇ ಅವನ ಜಗತ್ತು. ನಾಲ್ಕು ಸಲ ಒಡೆದ ಮೇಲೆ ಅಪ್ಪ ದಾರಿ ಹೇಳಿದರು: ತಗಡಿಗೆ ಸಾಬೂನು ತಿಕ್ಕು, ಉರಿಯ ಮೇಲೆ ಹಿಡಿ, ಸಾಬೂನು ಕಪ್ಪಾದ ಕೂಡಲೇ ತೆಗೆ, ಆಗ ತಗಡು ಮೆತ್ತಗಾಗಿರುತ್ತದೆ. ಐದನೆಯ ಸೀಟು ಒಡೆಯಲಿಲ್ಲ. ನಾವು ವಿಮರ್ಶಕರು ಯಾವಾಗಲೂ ನೋಡುವವನ ಕಡೆ ಕೂತು ವಿವರದ ಬಗ್ಗೆ ಮಾತಾಡುತ್ತೇವೆ ಎಂದು ನನಗೆ ಅನಿಸಿದ್ದು ಅಂದು.

ಕಾರು ಮುಗಿದ ಭಾನುವಾರ ಅಪ್ಪ ಚಾಳೀಸು ಹಾಕಿಕೊಂಡು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅವರು ಇಪ್ಪತ್ತಾರು ವರ್ಷ ಬೆಂಡಿಂಗ್ ಮಷೀನಿನ ಮುಂದೆ ನಿಂತವರು. ಮೊದಲು ನೋಡಿದ್ದು ಬಾಗುಗಳನ್ನು.

‘ಭಾರಿ ಮಾಡೀ ತಮ್ಮಾ. ಎಲ್ಲೂ ಒಡದಿಲ್ಲ.’ ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಎಲ್ಲಾ ಐತಿ. ಕುಂದ್ರಾಂವ ಎಲ್ಲಿ ಅದಾನ?’

‘ದೊಡ್ಡಪ್ಪಾ, ಅಂವನ್ನ ಕುಂದ್ರಿಸಿದ್ರ ಒಳಗಿನ ಕೆಲಸಾನ ಕಾಣಂಗಿಲ್ಲರಿ.’

ಅಣ್ಣನ ಉತ್ತರ ಪ್ರಾಮಾಣಿಕವಾದದ್ದು. ಇಂಥ ಮಾದರಿಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಇರುವುದಿಲ್ಲ. ಇಟ್ಟರೆ ಸೀಟು ಮುಚ್ಚುತ್ತದೆ, ಬೆಲ್ಟು ಮುಚ್ಚುತ್ತದೆ, ಪೆಡಲು ಮುಚ್ಚುತ್ತದೆ. ಮನುಷ್ಯ ಕೆಲಸವನ್ನು ಮರೆಮಾಡುತ್ತಾನೆ. ಆದರೆ ಆ ಕೆಲಸ ಇದ್ದದ್ದೇ ಮನುಷ್ಯನಿಗಾಗಿ. ಇದು ಬರೀ ಮಾತಿನ ಚಮತ್ಕಾರವಲ್ಲ ಎಂದು ತಿಳಿಯಲು ಆ ಕಾರುಗಳ ಚರಿತ್ರೆಯನ್ನೇ ನೋಡಬೇಕು.

ಸ್ಲಿಂಗ್‌ಶಾಟ್ ಕಾರಿನಲ್ಲಿ ಕ್ಲಚ್ ಮತ್ತು ಗೇರುಗಳ ಪೆಟ್ಟಿಗೆ ಓಡಿಸುವವನ ಕಾಲುಗಳ ನಡುವೆ ಇರುತ್ತಿತ್ತು. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಹೆಸರಾಂತ ಓಟಗಾರನ ಕಾರಿನಲ್ಲಿ ಅದು ಸಿಡಿಯಿತು. ಕಾರು ಎರಡು ತುಂಡಾಯಿತು. ಅವನ ಬಲಪಾದದ ಒಂದು ಭಾಗ ಹೋಯಿತು. ಗುಣವಾಗಿ ಬಂದ ಅವನು ಎಂಜಿನ್ನನ್ನು ತನ್ನ ಹಿಂದೆ ಇಟ್ಟು ಹೊಸ ಕಾರು ಕಟ್ಟಿ 1971ರಲ್ಲಿ ಅದರಲ್ಲೇ ಗೆದ್ದ. ಕೆಲವೇ ವರ್ಷಗಳಲ್ಲಿ ಸ್ಲಿಂಗ್‌ಶಾಟ್ ಎಂಬ ರೂಪವೇ ಓಟದ ಮೇಲ್ಪಂಕ್ತಿಯಿಂದ ಮಾಯವಾಯಿತು. 2008ರಲ್ಲಿ ಸ್ಕಾಟ್ ಕಲಿಟ್ಟ ಎಂಬ ಓಟಗಾರ ಸತ್ತ ಮೇಲೆ ಅತಿ ವೇಗದ ವರ್ಗಗಳ ಓಟದ ದೂರವನ್ನೇ 1,320 ಅಡಿಯಿಂದ 1,000 ಅಡಿಗೆ ಇಳಿಸಿದರು. ಅಂದರೆ ಆ ಒಳಭಾಗದ ತಗಡು ಅಲಂಕಾರವಲ್ಲ. ಬೆಂಕಿಗೋಡೆ ಎಲ್ಲಿ ನಿಲ್ಲಬೇಕು, ಕಾಲು ಎಲ್ಲಿರಬೇಕು ಎಂಬುದನ್ನು ಕೆಲವು ಸಲ ಗಾಯಗಳೇ ತೀರ್ಮಾನಿಸಿವೆ. ಅಣ್ಣ ಅಷ್ಟು ಪ್ರೀತಿಯಿಂದ ಮಾಡಿದ ಆ ಕಿರಿದಾದ ಕೋಣೆ ಚರಿತ್ರೆಯಲ್ಲಿ ಒಬ್ಬನ ಪಾದ ತೆಗೆದುಕೊಂಡ ಕೋಣೆಯ ವಿನ್ಯಾಸವೇ.

ಬೆಂಕಿ ಮತ್ತು ಮೈಯ ನಡುವೆ ಏನಿದೆ ಎಂಬ ಪ್ರಶ್ನೆ ತಾರಿಹಾಳಕ್ಕೆ ದೂರದ್ದಲ್ಲ. 2022ರ ಜುಲೈಯಲ್ಲಿ ಇಲ್ಲಿಯ ಒಂದು ಘಟಕದಲ್ಲಿ ಬೆಂಕಿ ಹತ್ತಿ ಕೆಲಸಗಾರರು ಸತ್ತರು. ಅಲ್ಲಿ ತಯಾರಾಗುತ್ತಿದ್ದುದು ಕಿಡಿ ಕಾರುವ ಮೇಣದಬತ್ತಿ. ಅದಕ್ಕೂ ಹಿಂದೆ, ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಅಪ್ಪನ ಎಡಗೈ ತೋರುಬೆರಳು ಒಂದು ಗೆಣ್ಣಿನಷ್ಟು ಗಿಡ್ಡವಾಯಿತು. ಮಷೀನಿನ ಮುಂದಿನ ಜಾಲರಿ ಕೆಲಸ ನಿಧಾನ ಮಾಡುತ್ತದೆಂದು ಅದನ್ನು ಬಿಚ್ಚಿಟ್ಟಿದ್ದರು. ಆ ಗಿಡ್ಡ ಬೆರಳಿನಲ್ಲೇ ಅಪ್ಪ ಅಂದು ಕಾರಿನ ಖಾಲಿ ಸೀಟನ್ನು ತೋರಿಸಿದ್ದು.

ಇಲ್ಲಿ ನಾನು ನನ್ನ ಬಗ್ಗೆಯೂ ಹೇಳಬೇಕು. ನನ್ನ ಪಿಎಚ್.ಡಿ. ವಿಷಯ ಕನ್ನಡ ಕಥನದಲ್ಲಿ ದುಡಿಮೆಯ ವಿವರಗಳು. ಮೂರನೆಯ ಅಧ್ಯಾಯದಲ್ಲಿ ಯಾವ ಕೃತಿಯಲ್ಲಿ ಯಾವ ಹತ್ಯಾರ, ಯಾವ ಯಂತ್ರ, ಯಾವ ಕಸುಬಿನ ಪದ ಬರುತ್ತದೆ ಎಂದು ಪಟ್ಟಿ ಮಾಡಿ, ವಿಂಗಡಿಸಿ, ವಿವರ ದಟ್ಟವಾದಷ್ಟೂ ವಾಸ್ತವ ದಟ್ಟವಾಗುತ್ತದೆ ಎಂದು ಬರೆದಿದ್ದೆ. ಅರವತ್ತು ಪುಟ. ಎಲ್ಲೂ ಬಾಗು ಒಡೆದಿರಲಿಲ್ಲ. ಅಪ್ಪನ ಪ್ರಶ್ನೆ ಕೇಳಿದ ರಾತ್ರಿ ಅದನ್ನು ಮತ್ತೆ ತೆರೆದೆ. ಅದರಲ್ಲಿ ಕೂರುವವನೇ ಇರಲಿಲ್ಲ. ಕೆಲಸ ಚೆನ್ನಾಗಿ ಕಾಣಲೆಂದು ಕೆಲಸಗಾರನನ್ನು ನಾನೂ ಎಬ್ಬಿಸಿ ಕಳಿಸಿದ್ದೆ. ರಿವೆಟ್‌ಗಳು ಸಾಲಾಗಿದ್ದವು, ಏನನ್ನೂ ಹಿಡಿದಿರಲಿಲ್ಲ.

ನಮ್ಮ ಒಳ್ಳೆಯ ಬರೆಹಗಾರರು ಈ ತಪ್ಪು ಮಾಡಿಲ್ಲ. ಕಾರಂತರ ‘ಚೋಮನ ದುಡಿ’ಯಲ್ಲಿ (1933) ಆ ದುಡಿಯನ್ನು ಚೋಮನ ಕೈಯಿಂದ ಬಿಡಿಸಿ ಬೇರೆಯಾಗಿ ನೋಡಲು ಬರುವುದಿಲ್ಲ. ಅದರ ಸದ್ದು ಅವನ ಸಿಟ್ಟು, ಅವನ ಆಸೆ. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ (1979) ಮುಂಬಯಿಯ ಕಂಪನಿ ಜಗತ್ತಿನ ಕೋಣೆ, ಕಾಗದ, ಹುದ್ದೆಗಳೆಲ್ಲ ನಮಗೆ ಕಾಣುವುದು ನಾಗಪ್ಪನ ದಿಗಿಲಿನ ಮೂಲಕ. ಆ ದಿಗಿಲನ್ನು ತೆಗೆದರೆ ಉಳಿಯುವುದು ಆಫೀಸಿನ ನಕ್ಷೆ. ಎರಡೂ ಕಡೆ ವಿವರ ಇದೆ, ಆದರೆ ಅದು ಮನುಷ್ಯನ ಹಿಂದೆ ಅರ್ಧ ಮುಚ್ಚಿದೆ. ಮುಚ್ಚಿರುವುದೇ ಅದರ ಸರಿಯಾದ ಜಾಗ.

ಹಾಗಾದರೆ ಅಣ್ಣನ ಕಾರು ಸೋತ ಕೃತಿಯೇ? ನಾನು ಹಾಗೆ ಹೇಳಲಾರೆ. ಗದಗದ ಆಚೆ ಲಕ್ಕುಂಡಿಗೆ ಹೋದವರು ಕಾಶಿವಿಶ್ವೇಶ್ವರ ಗುಡಿಯ ಹೊರಗೋಡೆಯ ಮೇಲೆ ಕೆತ್ತಿದ ಕಿರುಗುಡಿಗಳನ್ನು ನೋಡಿರುತ್ತಾರೆ. ಗುಡಿಯ ಮೈಮೇಲೆ ಗುಡಿಯದೇ ಮಾದರಿ, ಶಿಖರ ಸಮೇತ. ಬಳಪದ ಕಲ್ಲು ಮೆತ್ತಗಿದ್ದುದರಿಂದ ಅಷ್ಟು ಸೂಕ್ಷ್ಮ ಸಾಧ್ಯವಾಯಿತು. ಒಳಗಿನ ಕಂಬಗಳು ಲೇತಿನಲ್ಲಿ ತಿರುವಿದ ಹಾಗಿವೆ. ಕಿರುಮಾದರಿ ಈ ಸೀಮೆಗೆ ಹೊರಗಿನಿಂದ ಬಂದ ಹುಚ್ಚಲ್ಲ. ಹಳೆಯ ಗುಡಿಗಳಲ್ಲಿ ಖಾಲಿ ಗೂಡೊಂದು ಕಂಡರೆ ನಾವು ಕೆತ್ತನೆಯನ್ನಷ್ಟೇ ಹೊಗಳಿ ಮುಂದೆ ಹೋಗುವುದಿಲ್ಲ, ಇಲ್ಲಿ ಯಾವ ಮೂರ್ತಿ ಇತ್ತು ಎಂದು ಕೇಳುತ್ತೇವೆ. ಖಾಲಿ ಜಾಗ ತನ್ನೊಳಗಿದ್ದವರನ್ನು ಕೇಳುವ ಹಾಗೆ ಮಾಡಿದರೆ ಅದು ಬರಿದಲ್ಲ. ಅಪ್ಪನಿಗೆ ಆ ಪ್ರಶ್ನೆ ಬಂದದ್ದು ಸೀಟು ಸರಿಯಾಗಿ ಸೀಟಿನ ಹಾಗಿತ್ತು ಎಂಬ ಕಾರಣಕ್ಕೇ. ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್ ಸೀಟಾಗಿದ್ದರೆ ಅವರು ‘ಚಂದ ಐತಿ’ ಎಂದು ಕೆಳಗಿಡುತ್ತಿದ್ದರು.

ಇನ್ನೊಂದನ್ನು ನಾನು ಗಮನಿಸಿದ್ದು ಆಮೇಲೆ, ಭೂತಗನ್ನಡಿ ಹಿಡಿದಾಗ. ಪೆಡಲಿನ ಕೆಳಗೆ, ನೆಲದ ತಗಡಿನ ಮೇಲೆ, ಸಾಸಿವೆ ಕಾಳಿನಷ್ಟು ಜಾಗದಲ್ಲಿ ಹೊಳಪು ಬೇರೆಯಾಗಿತ್ತು. ಕೇಳಿದರೆ ಅಣ್ಣ ಹೇಳಿದ: ‘ಹಿಮ್ಮಡ ತಿಕ್ಕಿ ತಿಕ್ಕಿ ಸವದಿರ್ತೈತಿ ಅಲ್ಲೇ. ಅದನ್ನೂ ಮಾಡೇನಿ.’ ಫೋಟೋ ನೋಡಿ ಮಾಡಿದ್ದಲ್ಲ. ತಾನು ನಿಲ್ಲುವ ಮಷೀನಿನ ಕಾಲುಮಣೆ ನೋಡಿ ಮಾಡಿದ್ದು. ನನ್ನ ಮಟ್ಟಿಗೆ ಇಡೀ ಕಾರಿನಲ್ಲಿ ಅತ್ಯುತ್ತಮ ಭಾಗ ಅದು. ನೂರಾರು ರಿವೆಟ್‌ಗಳು ಹೇಳದ್ದನ್ನು ಆ ಸವೆದ ಜಾಗ ಹೇಳುತ್ತದೆ: ಇಲ್ಲಿ ಒಬ್ಬನ ಕಾಲಿತ್ತು. ವಿವರಗಳನ್ನು ಎಣಿಸುವ ವಿಮರ್ಶೆಗೆ ಅದು ಸಿಗುವುದಿಲ್ಲ. ಯಾವ ವಿವರ ಮೈಯನ್ನು ಮುಟ್ಟಿದೆ ಎಂದು ಹುಡುಕುವ ವಿಮರ್ಶೆಗೆ ಮಾತ್ರ ಸಿಗುತ್ತದೆ.

ಆದರೆ ಸವೆತದ ಗುರುತನ್ನೇ ಮನುಷ್ಯ ಎಂದು ಒಪ್ಪಿಕೊಂಡರೆ ಅದೂ ಸುಲಭದ ಸಮಾಧಾನ. ಅಪ್ಪ ಒಪ್ಪಲಿಲ್ಲ. ‘ಕಾಲಿನ ಗುರ್ತು ಐತಿ ಖರೆ, ಕಾಲು ಎಲ್ಲೈತಿ?’ ಎಂದರು. ಗುರುತು ಕಲೆಗೆ ಸಾಕಾಗಬಹುದು, ಬೆರಳು ಕಳೆದುಕೊಂಡವನಿಗೆ ಸಾಕಾಗುವುದಿಲ್ಲ. ಈ ಎರಡರ ನಡುವಿನ ಜಗಳವನ್ನು ಬಗೆಹರಿಸುವ ಸಿದ್ಧಾಂತ ನನ್ನ ಬಳಿ ಇಲ್ಲ. ಅದನ್ನು ಅಧ್ಯಾಯದೊಳಗೆ ಹಾಗೆಯೇ ಇಡಬೇಕು ಎಂದಷ್ಟೇ ಗೊತ್ತಾಗಿದೆ.

25ಕ್ಕೆ 1 ಎಂದರೆ ಉದ್ದದಲ್ಲಿ 25 ಪಾಲು, ತೂಕದಲ್ಲಿ 25ರ ಘನ, ಅಂದರೆ 15,625 ಪಾಲು ಕಡಿಮೆ. 62 ಕಿಲೋ ತೂಗುವ ಅಪ್ಪನನ್ನು ಆ ಅಳತೆಗೆ ಇಳಿಸಿದರೆ ಸುಮಾರು 4 ಗ್ರಾಂ. ಅಣ್ಣ ಈಗ ಅಷ್ಟು ತೂಕದ ಒಂದು ಸೀಸದ ತುಂಡನ್ನು ಎದುರಿಗಿಟ್ಟುಕೊಂಡು ಕೂತಿದ್ದಾನೆ. ಕೂರಿಸಿದರೆ ತನ್ನ ಆರು ತಿಂಗಳ ಕೆಲಸದ ಮುಕ್ಕಾಲು ಭಾಗ ಮುಚ್ಚಿಹೋಗುತ್ತದೆ ಎಂದು ಅವನಿಗೆ ಗೊತ್ತು. ಇನ್ನೂ ತೀರ್ಮಾನಿಸಿಲ್ಲ. ನಾನು ಮೂರನೆಯ ಅಧ್ಯಾಯದ ಅರವತ್ತು ಪುಟದಲ್ಲಿ ನಲವತ್ತನ್ನು ತೆಗೆದಿದ್ದೇನೆ. ಹೊಸ ಮೊದಲ ಪುಟದಲ್ಲಿ ಒಂದು ಬೆಂಡಿಂಗ್ ಮಷೀನು, ಬಿಚ್ಚಿಟ್ಟ ಜಾಲರಿ ಮತ್ತು ಅದರ ಮುಂದೆ ನಿಂತ ಒಬ್ಬ ಮನುಷ್ಯ ಇದ್ದಾರೆ. ಬರೆಯಲೇ ಎಂದು ಅಪ್ಪನನ್ನು ಕೇಳಿದ್ದೆ. ‘ಬರಿ. ಆದ್ರ ಮಷೀನ್ ಹೆಂಗ ನಡೀತೈತಿ ಅನ್ನೂದ ತಪ್ಪ ಬರೀಬ್ಯಾಡ’ ಎಂದರು.