ತೊಕೈದೋ ಹಾದಿಯ ಚಿತ್ರಗಳು: ಕಂಡದ್ದು, ಕಾಣಿಸದ್ದು

ಹಾದಿಯ ವರ್ಣನೆ ನಮ್ಮ ಕಾವ್ಯಗಳಿಗೆ ಹೊಸತಲ್ಲ. ಆದರೆ ಒಂದು ಹಾದಿಯನ್ನೇ ನಾಯಕಸ್ಥಾನದಲ್ಲಿಟ್ಟು ಆದಿಯಿಂದ ಅಂತ್ಯದವರೆಗೆ ಚಿತ್ರಿಸಿದ ಕೃತಿಗಳು ವಿರಳ. ಜಪಾನಿನ ಉತಾಗಾವಾ ಹಿರೋಶಿಗೆಯ (1797–1858) ‘ತೊಕೈದೋ ಹಾದಿಯ ಐವತ್ತಮೂರು ತಂಗುದಾಣಗಳು’ ಅಂತಹದೊಂದು ಚಿತ್ರಮಾಲೆ. ಎದೋ, ಅಂದರೆ ಇಂದಿನ ಟೋಕಿಯೋ ನಗರದಿಂದ ಕ್ಯೋಟೋಗೆ ಹೋಗುತ್ತಿದ್ದ ಈ ಹಾದಿಯ ಉದ್ದ ಸುಮಾರು 500 ಕಿಲೋಮೀಟರ್. ತಂಗುದಾಣಗಳು 53, ಹೊರಡುವ ಸೇತುವೆ ಮತ್ತು ತಲಪುವ ನಗರ ಸೇರಿ ಚಿತ್ರಗಳು 55. ಇದೇ ಹಾದಿಯನ್ನು ಆತ ಮತ್ತೆ ಮತ್ತೆ ಚಿತ್ರಿಸಿದ್ದರೂ 1833-34ರ ಸುಮಾರಿಗೆ ಹೊರಬಂದ ಮಾಲೆಯೇ ಪ್ರಸಿದ್ಧ.

ಇವು ಮರದಚ್ಚಿನ ಚಿತ್ರಗಳು. ಕಲಾವಿದ ಬರೆದುಕೊಟ್ಟದ್ದನ್ನು ಇನ್ನೊಬ್ಬ ಚೆರಿಮರದ ಹಲಗೆಯಲ್ಲಿ ಕೆತ್ತುತ್ತಿದ್ದ; ಮತ್ತೊಬ್ಬ ಬಣ್ಣ ಹಚ್ಚಿ ಕಾಗದ ಒತ್ತುತ್ತಿದ್ದ; ಪ್ರಕಾಶಕ ಹಣ ಹೂಡುತ್ತಿದ್ದ. ಮಿಶಿಮಾದ ಮುಂಜಾವಿನ ಚಿತ್ರದಲ್ಲಿ ಮುಂದಿನ ಪಯಣಿಗರಿಗೆ ರೇಖೆಗಳಿವೆ. ಹಿಂದಿನವರು ರೇಖೆಯೇ ಇಲ್ಲದೆ ಬರಿಯ ಬೂದುಬಣ್ಣದ ನೆರಳಾಗಿ ಮಂಜಿನಲ್ಲಿ ಕರಗಿದ್ದಾರೆ. ಈ ಮಂಜನ್ನು ಹಿರೋಶಿಗೆಯದೆಂದು ಹೊಗಳಿದರೆ ಸಾಲದು. ಅದು ಹೆಸರು ಉಳಿಯದ ಅಚ್ಚುಗಾರನ ಕೈಯದೂ ಹೌದು.

ಮಾಲೆಯ ನಿಜವಾದ ಬಲವಿರುವುದು ಅದರ ಜನರಲ್ಲಿ. ಶೋನೋದ ಮಳೆಯಲ್ಲಿ ಪಲ್ಲಕ್ಕಿ ಹೊತ್ತವರು ಏರು ಹತ್ತುತ್ತಿದ್ದಾರೆ. ಒಳಗೆ ಕುಳಿತವರ ಮುಖ ಕಾಣದು. ಹೊತ್ತವರ ಬಾಗಿದ ಬೆನ್ನು ಕಾಣುತ್ತದೆ. ಯೊಕ್ಕಾಯಿಚಿಯಲ್ಲಿ ಗಾಳಿಗೆ ಹಾರಿದ ಟೋಪಿಯ ಹಿಂದೆ ಒಬ್ಬ ಓಡುತ್ತಿದ್ದಾನೆ. ಮಳೆಗೂ ಗಾಳಿಗೂ ದೊಡ್ಡವರು ಸಣ್ಣವರು ಎಂಬ ಭೇದವಿಲ್ಲ. ಆದರೆ ಇದೇ ಶೋನೋ ಚಿತ್ರದ ಮೊದಲ ಅಚ್ಚುಗಳಲ್ಲಿ ಕೊಡೆಯ ಮೇಲೆ ಪ್ರಕಾಶಕನ ಹೆಸರಿದೆ! ಕಲೆ ಮತ್ತು ಜಾಹೀರಾತು ಒಂದೇ ಕೊಡೆಯಡಿ ನಡೆದ ಕಾಲವದು. ಈ ಚಿತ್ರಗಳನ್ನು ಧ್ಯಾನದ ಫಲವೆಂದು ಮಾತ್ರ ಬಗೆಯುವವರು ಇದನ್ನು ಮರೆಯಬಾರದು.

ಹಿರೋಶಿಗೆ 1832ರಲ್ಲಿ ಈ ಹಾದಿಯಲ್ಲಿ ಪಯಣಿಸಿದನೆಂಬ ಪ್ರತೀತಿಯನ್ನು ಇಂದು ಅನೇಕ ವಿದ್ವಾಂಸರು ಸಂದೇಹಿಸುತ್ತಾರೆ. ಕೆಲವು ಚಿತ್ರಗಳಿಗೆ 1797ರ ಸಚಿತ್ರ ಪ್ರವಾಸಗ್ರಂಥವೊಂದು ಆಧಾರ. ಕಂಬಾರಾದ ಹಿಮರಾತ್ರಿಯಂತೂ ಮಾಲೆಯ ಕಿರೀಟವೆನಿಸಿದೆ. ಆದರೆ ಕಂಬಾರಾ ಬೆಚ್ಚನೆಯ ಕರಾವಳಿಯ ಊರು, ಅಷ್ಟು ಹಿಮ ಅಲ್ಲಿ ಅಪರೂಪ. ಹಾಗಾದರೆ ಚಿತ್ರ ಸುಳ್ಳೇ? ನಾನು ಹಾಗೆನ್ನಲಾರೆ. ಹಿಮ ಕಲ್ಪನೆಯದಿರಬಹುದು. ಅರೆ ಮಡಚಿದ ಕೊಡೆಯೊಳಗೆ ತಲೆ ಹುದುಗಿಸಿ, ಕೋಲೂರಿ ಹೋಗುವವನ ನಡಿಗೆ ಕಲ್ಪನೆಯದಲ್ಲ. ಅಂತಹ ನಡಿಗೆಯನ್ನು ಬಲ್ಲವನು ಮಾತ್ರ ಅದನ್ನು ಬರೆಯಬಲ್ಲ.

ನನ್ನ ತಕರಾರು ಇರುವುದು ಹಕೋನೆಯ ಚಿತ್ರದಲ್ಲಿ. ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿದಂತಹ ಮಹಾಪರ್ವತ, ಎಡಕ್ಕೆ ಸರೋವರ, ಕಣಿವೆಯಲ್ಲಿ ಇರುವೆಸಾಲಿನಂತಹ ಮೆರವಣಿಗೆ. ನೋಡಿದೊಡನೆ ಕೈಮುಗಿಯಬೇಕೆನಿಸುತ್ತದೆ. ಆದರೆ ಹಕೋನೆಯೆಂದರೆ ಪ್ರಯಾಣಿಕರಿಗೆ ಪರ್ವತ ಮಾತ್ರವಾಗಿರಲಿಲ್ಲ, ಅದು ತಪಾಸಣೆಯ ಠಾಣೆ. ಸಾಮಂತರ ಪತ್ನಿಯರನ್ನು ಆಳರಸರು ಎದೋದಲ್ಲಿ ಒತ್ತೆಯಾಳುಗಳಂತೆ ಇರಿಸಿಕೊಂಡಿದ್ದರು. ಅವರು ತಪ್ಪಿಸಿಕೊಳ್ಳದಂತೆ, ನಗರದಿಂದ ಹೊರಹೋಗುವ ಹೆಂಗಸರನ್ನು ಅಲ್ಲಿ ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಿದ್ದರು. ಪರವಾನಗಿ ಪತ್ರವಿಲ್ಲದೆ ಬಿಡುತ್ತಿರಲಿಲ್ಲ. 1869ರವರೆಗೂ ಠಾಣೆ ಇತ್ತು. ಚಿತ್ರದಲ್ಲಿ ಅದಿಲ್ಲ, ಕಾಗದ ಹಿಡಿದು ಕಾಯುವ ಹೆಣ್ಣಿಲ್ಲ. ಅಚ್ಚಿಗೆ ಮುನ್ನ ಚಿತ್ರಗಳಿಗೆ ಪರಿಶೀಲನೆಯ ಮುದ್ರೆ ಬೀಳಬೇಕಾಗಿದ್ದ ಕಾಲವದು ಎಂಬುದನ್ನೂ ನೆನೆಯಬೇಕು. ಕಾರಣವೇನೇ ಇರಲಿ, ಕಂಬಾರಾದಲ್ಲಿ ಇಲ್ಲದ ಹಿಮವನ್ನು ಸೇರಿಸಿದ್ದಕ್ಕಿಂತ ಹಕೋನೆಯಲ್ಲಿ ಇದ್ದ ಠಾಣೆಯನ್ನು ಬಿಟ್ಟದ್ದು ದೊಡ್ಡ ಸಂಗತಿ.

ಗಡಿಯಲ್ಲಿ ಬಾಳುವ ನಮಗೆ ಈ ಕೊರತೆ ಬೇಗನೆ ಕಣ್ಣಿಗೆ ಬಿದ್ದರೆ ಆಶ್ಚರ್ಯವಿಲ್ಲ. ಹಾದಿ ಎಲ್ಲರದೂ ಹೌದು. ಆದರೆ ಎಲ್ಲರೂ ಅದನ್ನು ಒಂದೇ ರೀತಿ ದಾಟುವುದಿಲ್ಲ. ಇಷ್ಟು ಹೇಳಿದ ಮೇಲೂ ಹಿರೋಶಿಗೆಯ ಬಗೆಗಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ. ಹೊರೆ ಹೊತ್ತವರನ್ನು ಅಷ್ಟು ಅಕ್ಕರೆಯಿಂದ ಕಂಡ ಕಣ್ಣು ಅದು. ಆ ಕಣ್ಣಿನ ಮೇಲೆ ನಂಬಿಕೆಯಿರುವುದರಿಂದಲೇ, ಹಕೋನೆಯ ಬೆಟ್ಟದ ಮುಂದೆ ನಿಂತಾಗ, ಆ ಹೆಂಗಸರೆಲ್ಲಿ ಎಂದು ಕೇಳಬೇಕೆನಿಸುತ್ತದೆ.