ಹೊಳಲಿಗೆ ಬೇಕಿರುವುದು ತಪ್ಪದ ಗುಳಿಗೆ

ಮೂರ್ಛೆರೋಗಕ್ಕೆ ದೊಡ್ಡಾಸ್ಪತ್ರೆಯೇ ಗತಿ ಎಂಬ ನಂಬಿಕೆಯನ್ನು ಯಳಂದೂರು ಅಲ್ಲಗಳೆದು ಇಪ್ಪತ್ತು ವರ್ಷಗಳ ಮೇಲಾಯಿತು. ನರರೋಗತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಳ ರೋಗಿಗಳಿಗೆ ಫಿನೋಬಾರ್ಬಿಟಾಲ್ ಇಲ್ಲವೇ ಫೆನಿಟಾಯಿನ್ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಹಳೆಯ, ಅಗ್ಗದ ಈ ಗುಳಿಗೆಗಳಿಂದಲೇ ಹಳ್ಳಿಯಲ್ಲೂ ಫಿಟ್ಸ್ ಹತೋಟಿಗೆ ಬರುತ್ತದೆಂದು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ನಿಮ್ಹಾನ್ಸ್ ತಜ್ಞರು ಬೆಂಗಳೂರು ಸುತ್ತಮುತ್ತ ನಡೆಸಿದ ಸಮೀಕ್ಷೆಯಲ್ಲಿ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9 ಮಂದಿಗೆ ಈ ಕಾಯಿಲೆ ಕಂಡಿತ್ತು. ರೋಗಿಗಳು ಹೆಚ್ಚಿರುವುದು ಹಳ್ಳಿಯಲ್ಲಿ, ನರರೋಗತಜ್ಞರು ಇರುವುದು ನಗರದಲ್ಲಿ.

2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಶುರುಮಾಡಿದ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಈ ಅಂತರವನ್ನು ಗುರುತಿಸಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮೂರ್ಛೆರೋಗದ ತರಬೇತಿ ಕೊಡುವ ಅದರ ದಾರಿ ಸರಿಯಾದದ್ದು, ಮನಸಾರೆ ಮೆಚ್ಚುತ್ತೇನೆ. ಆದರೆ ಅದರ ಕ್ಲಿನಿಕ್ ಕೂರುವುದು ಜಿಲ್ಲಾಸ್ಪತ್ರೆಯಲ್ಲಿ. ನನ್ನ ತಕರಾರು ಇಲ್ಲಿಯೇ.

ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಿಂದ ಜಿಲ್ಲಾಕೇಂದ್ರ ಹೊಸಪೇಟೆಗೆ ಹೋಗುವುದೆಂದರೆ ರೋಗಿಯ ಜೊತೆಗೆ ಮನೆಯ ಇನ್ನೊಬ್ಬರ ಕೂಲಿಯೂ ಹೋಯಿತು. ರೋಗ ಗುರುತಿಸಲು ಒಮ್ಮೆ ಹೋಗಿಬರಬಹುದು. ಗುಳಿಗೆಗೆಂದು ತಿಂಗಳು ತಿಂಗಳು ಸಾಧ್ಯವಿಲ್ಲ. ಈ ಕಾಯಿಲೆಯಲ್ಲಿ ಗುಳಿಗೆ ಏಕಾಏಕಿ ನಿಂತರೆ ಮೊದಲಿಗಿಂತ ಜೋರಾಗಿ, ಒಂದರ ಬೆನ್ನಿಗೊಂದು ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಒಳ್ಳೆಯ ವೈದ್ಯರು ಬರೆದ ಚೀಟಿ ಇದ್ದೂ ಗುಳಿಗೆ ಇಲ್ಲದಿದ್ದರೆ ಆ ಚಿಕಿತ್ಸೆ ಅಪಾಯಕ್ಕೇ ದಾರಿ. ಆದ್ದರಿಂದ ಎಷ್ಟು ಜನ ಕ್ಲಿನಿಕ್ಕಿಗೆ ಬಂದರು ಎಂಬ ಲೆಕ್ಕ ನನಗೆ ಸಾಲದು. ಬಂದವರಲ್ಲಿ ಎಷ್ಟು ಜನ ಆರು ತಿಂಗಳಾದ ಮೇಲೂ ಗುಳಿಗೆ ನುಂಗುತ್ತಿದ್ದಾರೆ ಎಂಬುದನ್ನು ಎಣಿಸಬೇಕು, ಊರೂರಿನ ಲೆಕ್ಕ ಹೊರಗೆ ಬರಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸೋಡಿಯಂ ವಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಕೂಸಿಗೆ ಕೆಡುಕು ಮಾಡಬಲ್ಲದು. ಮದುವೆಯ ವಯಸ್ಸಿನ ಹುಡುಗಿಗೆ ಅದನ್ನು ಬರೆಯುವ ಮುನ್ನ ತಿಳಿಸಿ ಹೇಳಬೇಕು, ಬಸುರಿಯಾದಾಗ ಹೆದರಿ ತಾನಾಗಿ ನಿಲ್ಲಿಸದಂತೆಯೂ ನೋಡಿಕೊಳ್ಳಬೇಕು. ಮೂರ್ಛೆರೋಗವನ್ನು ಮದುವೆ ಮುರಿಯುವ ಕಾರಣಗಳ ಪಟ್ಟಿಯಿಂದ ಕಾನೂನು 1999ರಲ್ಲೇ ತೆಗೆದಿದೆ. ಆದರೂ ಮನೆಯವರು ರೋಗವನ್ನು ಮುಚ್ಚಿಡುತ್ತಾರೆ, ಗಂಡನ ಮನೆಗೆ ಹೋದ ದಿನವೇ ಗುಳಿಗೆ ನಿಲ್ಲುತ್ತದೆ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಇದು ಗೊತ್ತಾಗುತ್ತದೆ. ಈ ಕೆಲಸಕ್ಕೆ ಅವರಿಗೆ ತರಬೇತಿಯನ್ನೂ ಪ್ರತ್ಯೇಕ ಹಣವನ್ನೂ ಕೊಡಬೇಕು.

ಗುಳಿಗೆ ತಪ್ಪಲು ಇನ್ನೊಂದು ಕಾರಣವೂ ಇದೆ: ಹೊಳಲಿನ ಸೀಮೆಯವರು ಕೆಲಸ ಹುಡುಕಿ ಗುಳೆ ಹೋಗುತ್ತಾರೆ. ಹೊರಡುವವರಿಗೆ ಎರಡು ಮೂರು ತಿಂಗಳ ಗುಳಿಗೆ ಒಮ್ಮೆಲೇ ಕೊಡಬೇಕು. ಹೋದ ಊರಿನಲ್ಲಿ ಅದು ಮುಗಿದರೆ, ಹೊಳಲಿನ ಚೀಟಿ ತೋರಿಸಿದರೆ ಸಾಕು, ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಮರುಮಾತಿಲ್ಲದೆ ಸಿಗಬೇಕು.