ಒಗ್ಗರಣೆಯಿಲ್ಲದ ಹಬ್ಬದೂಟ

ಐರ್ಲೆಂಡಿನ ಹಬ್ಬವೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಮಾರ್ಚ್ 17ರ ಸಂತ ಪ್ಯಾಟ್ರಿಕ್ ದಿನ. ಆ ದಿನದ ಊಟವೆಂದು ಹೆಸರಾದ ಉಪ್ಪಿನಲ್ಲಿ ನೆನೆಸಿದ ದನದ ಮಾಂಸ ಮತ್ತು ಎಲೆಕೋಸಿನ ಜೋಡಿ ಕುದುರಿದ್ದು ಅಮೆರಿಕದಲ್ಲಿ. ನ್ಯೂಯಾರ್ಕಿಗೆ ವಲಸೆ ಹೋದ ಐರಿಷರು ಅಲ್ಲಿನ ಯೆಹೂದಿ ಅಂಗಡಿಗಳಿಂದ ಆ ಮಾಂಸ ಕೊಂಡು ರೂಢಿಸಿಕೊಂಡರು ಎಂದು ಅಡುಗೆಯ ಚರಿತ್ರೆ ಬರೆದವರು ಹೇಳುತ್ತಾರೆ. ಊರಲ್ಲಿ ಉಳಿದವರ ಮಡಕೆಯಲ್ಲಿ ಬೇಯುತ್ತಿದ್ದುದು ಹಂದಿಮಾಂಸ. ಅದೆಲ್ಲ ಇರಲಿ. ಹೊಸಬರು ಕೈಹಚ್ಚಲು ಇನ್ನೂ ಒಳ್ಳೆಯ ಊಟವೊಂದಿದೆ: ಅಕ್ಟೋಬರ್ 31ರ ರಾತ್ರಿಯದು.

ಐರಿಷರ ಹಳೆಯ ಪಂಚಾಂಗದಲ್ಲಿ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಯಿದು. ಅವರ ಭಾಷೆಯಲ್ಲಿ ಇದು ಸೌಇನ್. ಜಗತ್ತು ಹ್ಯಾಲೋವೀನ್ ಎಂದು ಕುಣಿಯುವುದು ಇದನ್ನೇ. ಮುಖ ಕೊರೆದಿಡುವ ಕುಂಬಳಕಾಯಿ ಆಮೇಲೆ ಬಂದದ್ದು. ಐರ್ಲೆಂಡಿನಲ್ಲಿ ಕೊರೆಯುತ್ತಿದ್ದುದು ಟರ್ನಿಪ್ ಗಡ್ಡೆಯನ್ನು. ಡೊನೆಗಾಲ್‌ನಲ್ಲಿ ಸಿಕ್ಕ ಅಂಥದೊಂದು ಟರ್ನಿಪ್ ಮುಖದ ಅಚ್ಚು ಮೇಯೋದ ಟರ್ಲೋ ಹಳ್ಳಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನೋಡಿದರೆ ಮಕ್ಕಳು ಹೆದರುವುದು ಖಂಡಿತ. ಮಾರನೆಯ ದಿನ ಕ್ಯಾಥೊಲಿಕರ ಸಕಲ ಸಂತರ ಹಬ್ಬ. ಹಾಗಾಗಿ ಹಿಂದಿನ ರಾತ್ರಿ ಮಾಂಸ ನಿಷಿದ್ಧವಾಗಿತ್ತು. ಹಬ್ಬವೂ ಆಗಬೇಕು, ಮಾಂಸವೂ ಕೂಡದು ಎಂಬ ಇಕ್ಕಟ್ಟಿನಲ್ಲಿ ಬೆಳೆದದ್ದು ಈ ಊಟ. ಆಲೂಗಡ್ಡೆ, ಸೊಪ್ಪು, ಹಾಲು, ಬೆಣ್ಣೆ, ಮಜ್ಜಿಗೆ, ಗೋಧಿ, ಒಣದ್ರಾಕ್ಷಿ. ನಮ್ಮ ಬಹುಪಾಲು ಮನೆಗಳಲ್ಲಿ ಇವೆಲ್ಲ ಈಗಲೇ ಇರುತ್ತವೆ.

ಆದರೆ ಒಂದು ಷರತ್ತು. ಮೊದಲ ಸಲ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಯ ಕಡೆ ಕೈ ಹೋಗಬಾರದು. ಇದು ಒಗ್ಗರಣೆಯ ಪರಿಮಳದಿಂದ ನಿಲ್ಲುವ ಅಡುಗೆಯಲ್ಲ. ಹದ, ಬಿಸಿ, ಉಪ್ಪು, ಬೆಣ್ಣೆಯ ಗುಣ ಇಷ್ಟರಲ್ಲೇ ಎಲ್ಲ ತೀರ್ಮಾನವಾಗುತ್ತದೆ. ಸಪ್ಪೆ ಎಂದು ತಳ್ಳಿಹಾಕುವವರು ಸಾಮಾನ್ಯವಾಗಿ ತಿಂದಿರುವುದು ನೀರು ಕುಡಿದ ಆಲೂಗಡ್ಡೆಯನ್ನು, ಆರಿದ ಹಾಲಿನಲ್ಲಿ ಕಲಸಿದ್ದನ್ನು.

ಹಾಗಾಗಿ ಆಲೂಗಡ್ಡೆಯಿಂದಲೇ ಶುರು. ಐರಿಷರು ಮೆಚ್ಚುವುದು ಬೆಂದಾಗ ಸಿಪ್ಪೆ ಬಿರಿದು ಒಳಗೆ ಹಿಟ್ಟುಹಿಟ್ಟಾಗಿ ಉದುರುವ ಗಡ್ಡೆಯನ್ನು. ಕೆರ್ಸ್ ಪಿಂಕ್, ಗೋಲ್ಡನ್ ವಂಡರ್, ಕಾರ್ಲೋದ ಓಕ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ಕೆಂಪು ಸಿಪ್ಪೆಯ ರೂಸ್ಟರ್ ಅಲ್ಲಿನ ಮೆಚ್ಚಿನ ತಳಿಗಳು. ನಮ್ಮ ಮಾರುಕಟ್ಟೆಯಲ್ಲಿ ತಳಿಯ ಹೆಸರು ಹೇಳಿ ಮಾರುವವರು ಅಪರೂಪ. ಅದಕ್ಕೊಂದು ಉಪಾಯವಿದೆ: ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು ಕರಗಿಸಿ ಗಡ್ಡೆ ಬಿಡಿ. ಮುಳುಗಿದ್ದು ಹಿಟ್ಟಿನ ಗಡ್ಡೆ, ತೇಲಿದ್ದು ಅಂಟು ಗಡ್ಡೆ. ತೇಲಿದ್ದನ್ನು ಪಲ್ಯಕ್ಕೆ ಇಟ್ಟುಕೊಳ್ಳಿ. ಫ್ರಿಜ್ಜಿನಲ್ಲಿಟ್ಟದ್ದು ಬೇಡ, ಚಳಿಗೆ ಅದರ ಪಿಷ್ಟ ಸಕ್ಕರೆಯಾಗಿ ಸಿಹಿ ಬಂದಿರುತ್ತದೆ.

ಈ ಗಡ್ಡೆಯ ಮೇಲೆ ಅವರಿಗಿರುವ ಪ್ರೀತಿಯ ಬೆನ್ನಿಗೆ ಒಂದು ಗಾಯವಿದೆ. 1845ರಲ್ಲಿ ಅಂಗಮಾರಿ ರೋಗ ಬಡಿದಾಗ ಬಡವರ ಹೊಲಗಳಲ್ಲಿದ್ದುದು ಹೆಚ್ಚಾಗಿ ಲಂಪರ್ ಎಂಬ ಒಂದೇ ತಳಿ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ದೇಶದಿಂದ ಧಾನ್ಯ, ಬೆಣ್ಣೆ ರಫ್ತಾಗುತ್ತಲೇ ಇದ್ದ ಕಾಲವದು. ಹಾಸನದ ಆಲೂಗಡ್ಡೆ ಬೆಳೆಗಾರರು ಇವತ್ತಿಗೂ ಮಳೆಗಾಲದಲ್ಲಿ ಅಂಜುವುದು ಇದೇ ರೋಗಕ್ಕೆ.

ಇನ್ನು ಕಾಲ್ಕ್ಯಾನನ್. ಈ ರಾತ್ರಿಯ ನಾಯಕ ಇದೇ. 1735ರ ಅಕ್ಟೋಬರ್ 31ರಂದು ಡಬ್ಲಿನ್‌ನಲ್ಲಿ ನೆಂಟರ ಮನೆಯಲ್ಲಿ ಉಂಡ ವೇಲ್ಸಿನ ವಿಲಿಯಂ ಬಲ್ಕ್ಲಿ ಎಂಬಾತ ತನ್ನ ದಿನಚರಿಯಲ್ಲಿ ಇದರ ಹೆಸರು ಬರೆದಿಟ್ಟಿದ್ದಾನೆ: ಎಲೆಕೋಸು, ಆಲೂಗಡ್ಡೆ, ಪಾರ್ಸ್ನಿಪ್ ಗಡ್ಡೆ ಬೇಯಿಸಿ ಕಲಸಿದ್ದು. ಜೊತೆಗೆ ಸುಟ್ಟ ಕುರಿಮಾಂಸವನ್ನೂ ಹೊಡೆದಿದ್ದಾನೆ. ಕ್ಯಾಥೊಲಿಕರ ಕಟ್ಟಳೆ ಅವನಿಗೇನೂ ಇರಲಿಲ್ಲ.

ನಾಲ್ಕು ಜನಕ್ಕೆ ಒಂದು ಕಿಲೋ ಆಲೂಗಡ್ಡೆ ಸಾಕು. ಸಿಪ್ಪೆ ಸಮೇತ, ಉಪ್ಪು ಹಾಕಿದ ನೀರಲ್ಲಿ, ತೆರೆದ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರಿನಲ್ಲಿ ಮುಳುಗಿಸಿ ಸೀಟಿ ಕೂಗಿಸಿದರೆ ಗಡ್ಡೆ ನೀರು ಹೀರಿ ಕೆಡುತ್ತದೆ. ಬೆಂದ ಮೇಲೆ ನೀರು ಬಸಿದು, ಪಾತ್ರೆಯ ಮೇಲೊಂದು ಒಣ ಬಟ್ಟೆ ಹೊದಿಸಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಹಬೆಯೆಲ್ಲ ಬಟ್ಟೆಗೇರಿ ಗಡ್ಡೆ ಒಣಗಬೇಕು. ಅವಸರದವರು ಬಿಟ್ಟುಬಿಡುವುದು ಈ ಐದು ನಿಮಿಷವನ್ನೇ, ರುಚಿಯ ಅರ್ಧ ಇರುವುದೂ ಇಲ್ಲೇ. ಅಷ್ಟರಲ್ಲಿ ಕಾಲು ಕಿಲೋ ಎಲೆಕೋಸನ್ನೋ ಕೇಲ್ ಸೊಪ್ಪನ್ನೋ ಸಣ್ಣಗೆ ಹೆಚ್ಚಿ ಕುದಿವ ನೀರಲ್ಲಿ ಬೇಯಿಸಿ, ಚೆನ್ನಾಗಿ ಹಿಂಡಿ. ಕೋಸಿಗೆ ಮೂರು ನಾಲ್ಕು ನಿಮಿಷ ಸಾಕು; ಹೆಚ್ಚು ಬೆಂದರೆ ಗಂಧಕದ ವಾಸನೆ ಮನೆಯೆಲ್ಲ ತುಂಬುತ್ತದೆ. ಇನ್ನೊಂದು ಪಾತ್ರೆಯಲ್ಲಿ ಕಾಲು ಲೀಟರ್ ಗಟ್ಟಿ ಹಾಲಿಗೆ ಒಂದು ಕಟ್ಟು ಈರುಳ್ಳಿ ಸೊಪ್ಪು ಹೆಚ್ಚಿ ಹಾಕಿ ಸಣ್ಣಗೆ ಕಾಯಿಸಿ.

ಗಡ್ಡೆ ಬಿಸಿಯಿರುವಾಗಲೇ ಸಿಪ್ಪೆ ಬಿಡಿಸಬೇಕು, ಬೆರಳು ಸ್ವಲ್ಪ ಸುಡುತ್ತದೆ. ಮಿಕ್ಸಿಗೆ ಮಾತ್ರ ಹಾಕಬೇಡಿ, ಪಿಷ್ಟ ಒಡೆದು ಗೋಂದಾಗುತ್ತದೆ. ಅವರ ಅಡುಗೆಮನೆಯಲ್ಲಿ ಇದಕ್ಕೊಂದು ಮರದ ಕುಟ್ಟಣಿಗೆ ಇರುತ್ತಿತ್ತು. ಮುದ್ದೆ ತಿರುವುವ ಕೋಲಿದ್ದರೆ ಕೆಲಸ ನಡೆಯುತ್ತದೆ. ಕಾಯಿಸಿದ ಹಾಲನ್ನು ಸ್ವಲ್ಪ ಸ್ವಲ್ಪವೇ ಹೊಯ್ದು ಹಿಸುಕಿ, ಸೊಪ್ಪು, ಉಪ್ಪು, ಕಾಳುಮೆಣಸು ಬೆರೆಸಿ ತಟ್ಟೆಗೆ ಗುಡ್ಡೆ ಹಾಕಿ. ನೆತ್ತಿಯಲ್ಲೊಂದು ಗುಳಿ ಮಾಡಿ, ನಿಂಬೆ ಗಾತ್ರದ ಉಪ್ಪುಬೆಣ್ಣೆ ಇಡಿ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಉಪ್ಪು ಸೇರಿಸಿ. ಇಲ್ಲಿ ಜಿಪುಣತನ ಸಲ್ಲದು. ಕಾರ್ಕ್ ನಗರ 1770ರಿಂದ ಬೆಣ್ಣೆಗಾಗಿಯೇ ಒಂದು ವಿನಿಮಯ ಕೇಂದ್ರ ನಡೆಸಿ ಹಡಗುಗಟ್ಟಲೆ ರಫ್ತು ಮಾಡಿದ ನಾಡಿನ ತಿಂಡಿ ಇದು.

ತಿನ್ನುವುದಕ್ಕೂ ಕ್ರಮವಿದೆ. ಎಲ್ಲವನ್ನೂ ಕಲಸಿಬಿಡಬಾರದು. ಅಂಚಿನಿಂದ ಒಂದೊಂದು ಚಮಚ ತೆಗೆದು, ಸಾರಿಗೆ ಮುದ್ದೆ ಅದ್ದುವ ಹಾಗೆ, ನಡುವಿನ ಕರಗಿದ ಬೆಣ್ಣೆಯಲ್ಲಿ ಅದ್ದಿ ಬಾಯಿಗಿಡುವುದು. ಕೊನೆಯ ತುತ್ತಿನವರೆಗೂ ಗುಳಿಯ ದಂಡೆ ಒಡೆಯದಂತೆ ತಿನ್ನುವವರೇ ಪಳಗಿದವರು. ಮೊದಲು ನಾಲಗೆಗೆ ಹಿಟ್ಟಿನ ಹಗುರ, ಆಮೇಲೆ ಸೊಪ್ಪಿನ ಸಣ್ಣ ಕಹಿ, ಕೊನೆಗೆ ಬೆಣ್ಣೆಯ ಉಪ್ಪು ತಿಳಿಯುತ್ತವೆ. ಉಪ್ಪಿನಕಾಯಿ ಬಡಿಸಿಕೊಳ್ಳುವ ಆಸೆಯಿದ್ದರೆ ಎರಡನೇ ಸಲಕ್ಕೆ.

ಹಿಂದೆ ಇದರೊಳಗೆ ಉಂಗುರ, ನಾಣ್ಯ, ಹೊಲಿಯುವವರು ಬೆರಳಿಗೆ ಹಾಕುವ ಟೋಪಿ ಹುದುಗಿಸುತ್ತಿದ್ದರು. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ, ನಾಣ್ಯಕ್ಕೆ ಹಣ, ಬೆರಳುಟೋಪಿ ಸಿಕ್ಕ ಹುಡುಗಿಗೆ ಮದುವೆಯ ಆಸೆ ಬೇಡ. ಆ ರಾತ್ರಿ ಮನೆಗೆ ಬರುವ ಹಿರಿಯರ ಆತ್ಮಗಳಿಗೆ ಒಂದು ತಟ್ಟೆ ಎಡೆ ಇಡುವ ಮನೆಗಳೂ ಇದ್ದವು. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಶಾಲೆಯ ಮಕ್ಕಳಿಂದಲೇ ಅಜ್ಜಿ ತಾತಂದಿರ ನೆನಪುಗಳನ್ನು ಬರೆಸಿತು. ಇಂಥ ನಂಬಿಕೆಗಳು ಆ ಬರಹಗಳ ತುಂಬ ಸಿಗುತ್ತವೆ.

ಸೋಡಾ ಬ್ರೆಡ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಐರ್ಲೆಂಡಿನ ತೇವದ ಹವೆಯಲ್ಲಿ ಬೆಳೆಯುವ ಮೆದು ಗೋಧಿ ಯೀಸ್ಟಿಗೆ ಸರಿಯಾಗಿ ಉಬ್ಬದು. 19ನೇ ಶತಮಾನದಲ್ಲಿ ಅಡುಗೆ ಸೋಡಾ ಬಂದಾಗ ಮಜ್ಜಿಗೆಯ ಹುಳಿ ಅದಕ್ಕೆ ಜೊತೆಯಾಯಿತು. 450 ಗ್ರಾಂ ಹಿಟ್ಟು (ಅರ್ಧ ಮೈದಾ, ಅರ್ಧ ತರಿ ಗೋಧಿಹಿಟ್ಟು), ಒಂದೊಂದು ಟೀಚಮಚ ಸೋಡಾ ಮತ್ತು ಉಪ್ಪು, ಸುಮಾರು 350 ಮಿಲಿ ಹುಳಿ ಮಜ್ಜಿಗೆ. ಚಪಾತಿ ಹಿಟ್ಟಿನಂತೆ ನಾದಿದರೆ ಕಲ್ಲಾಗುತ್ತದೆ, ಕೂಡಿದರೆ ಸಾಕು. ದುಂಡಗೆ ತಟ್ಟಿ, ಮೇಲೆ ಆಳವಾಗಿ ಅಡ್ಡ ಉದ್ದ ಕೊಯ್ದು, ಬಿಸಿಯಾದ ಓವನ್ನಿನಲ್ಲಿ 230 ಡಿಗ್ರಿಯಲ್ಲಿ ಹದಿನೈದು ನಿಮಿಷ, 200ಕ್ಕಿಳಿಸಿ ಇನ್ನೊಂದು ಅರ್ಧ ಗಂಟೆ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಅದೇ ದಿನ ತಿನ್ನಿ, ಮರುದಿನಕ್ಕೆ ಇದು ಒಣಕಲು.

ಕೊನೆಗೆ ಚಹಾದ ಜೊತೆ ಬಾರ್ಮ್‌ಬ್ರ್ಯಾಕ್. ಮೂಲದಲ್ಲಿ ಯೀಸ್ಟ್ ಹಾಕಿ ಉಬ್ಬಿಸುವ ದ್ರಾಕ್ಷಿ ಬ್ರೆಡ್ ಇದು. ಮನೆಗೆ ಒಗ್ಗುವುದು ಚಹಾದ ಬಗೆ. 350 ಗ್ರಾಂ ಒಣದ್ರಾಕ್ಷಿ, 150 ಗ್ರಾಂ ಬೆಲ್ಲದ ಪುಡಿಯನ್ನು 300 ಮಿಲಿ ಕಡು ಚಹಾದ ಡಿಕಾಕ್ಷನ್ನಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ 275 ಗ್ರಾಂ ಮೈದಾ, ಮೂರು ಟೀಚಮಚ ಬೇಕಿಂಗ್ ಪೌಡರ್, ಒಂದು ಮೊಟ್ಟೆ, ಚಿಟಿಕೆ ಚಕ್ಕೆಪುಡಿ ಸೇರಿಸಿ 170 ಡಿಗ್ರಿಯಲ್ಲಿ ಒಂದು ಗಂಟೆಗೂ ತುಸು ಹೆಚ್ಚು ಬೇಯಿಸಿ. ಮೊಟ್ಟೆ ಬೇಡದವರು ಕಾಲು ಲೋಟ ಮೊಸರು ಹಾಕಬಹುದು, ತುಸು ಪುಡಿಪುಡಿಯಾಗುತ್ತದೆ ಅಷ್ಟೆ. ಅಂಗಡಿಯ ಬ್ರ್ಯಾಕ್‌ನೊಳಗೆ ಇವತ್ತಿಗೂ ಉಂಗುರವಿರುತ್ತದೆ.

ಇದನ್ನು ತಿನ್ನುತ್ತ ಓದಲು ಜೇಮ್ಸ್ ಜಾಯ್ಸ್‌ನ ‘ಡಬ್ಲಿನರ್ಸ್’ (1914) ಸಂಕಲನದ ‘ಕ್ಲೇ’ (ಜೇಡಿಮಣ್ಣು) ಕಥೆಯಿದೆ. ಲಾಂಡ್ರಿಯಲ್ಲಿ ದುಡಿಯುವ ಒಂಟಿ ಹೆಂಗಸು ಮಾರಿಯಾ ಇದೇ ರಾತ್ರಿ ಬ್ರ್ಯಾಕ್‌ಗಳನ್ನು ಕತ್ತರಿಸಿಟ್ಟು, ಪರಿಚಿತರ ಮನೆಗೆ ಹೋಗುತ್ತಾಳೆ. ಅಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಆಡುವ ಭವಿಷ್ಯದ ಆಟದಲ್ಲಿ ಅವಳ ಕೈಗೆ ಮೆತ್ತನೆಯ ಒದ್ದೆ ವಸ್ತುವೊಂದು ತಾಗುತ್ತದೆ. ಅದೇನೆಂದು ಜಾಯ್ಸ್ ಬಿಡಿಸಿ ಹೇಳುವುದಿಲ್ಲ. ಆ ಆಟದಲ್ಲಿ ಮಣ್ಣು ಮುಟ್ಟಿದರೆ ಸಾವು ಎಂಬ ನಂಬಿಕೆ ಗೊತ್ತಿದ್ದವರಿಗೆ ಮಾತ್ರ ಸುತ್ತಲಿನವರು ಯಾಕೆ ಗಲಿಬಿಲಿಗೊಂಡರೆಂದು ತಿಳಿಯುತ್ತದೆ.

ಉಳಿದ ಕಾಲ್ಕ್ಯಾನನ್ನನ್ನು ಬೆಳಿಗ್ಗೆ ಬಿಲ್ಲೆ ತಟ್ಟಿ, ಕಾವಲಿಗೆ ಬೆಣ್ಣೆ ಸವರಿ ಎರಡೂ ಬದಿ ಕೆಂಪಗೆ ಕಾಯಿಸಿ. ಬ್ರ್ಯಾಕ್ ಉಳಿದಿದ್ದರೆ ತೆಳ್ಳಗೆ ಕೊಯ್ದು ಅದೇ ಕಾವಲಿಯಲ್ಲಿ ಬಿಸಿ ಮಾಡಿ. ಎರಡನೇ ದಿನದ ಬ್ರ್ಯಾಕ್ ಮೊದಲ ದಿನದ್ದಕ್ಕಿಂತ ರುಚಿ.